ಮುಪ್ಪಿನ ಮದ್ದಿಗೆ ಹೊಣೆ ಯಾರು?

‘ನಿವೃತ್ತಿ’ ಎಂಬುದು ನಮ್ಮ ಹಿರಿಯರ ಬಳಕೆಯಲ್ಲಿ ಗೌರವದ ಮಾತು. ಲೋಕವ್ಯವಹಾರದಲ್ಲಿ ಸಾಕಷ್ಟು ತೊಡಗಿ ದಣಿದವನು ತಾನಾಗಿ ಹಿಂದೆ ಸರಿದು ನಿಲ್ಲುವುದು ನಿವೃತ್ತಿ. ಸರ್ಕಾರಿ ಕಡತಗಳು ಈ ಪದವನ್ನು ಎರವಲು ಪಡೆದಾಗ ಅದರ ಅರ್ಥ ಕಿರಿದಾಯಿತು. ಇಷ್ಟು ವಯಸ್ಸಾಯಿತು, ನಾಳೆಯಿಂದ ಬರಬೇಕಾಗಿಲ್ಲ ಎಂಬಲ್ಲಿಗೆ ಅದು ನಿಂತಿತು. ಹಳೆಯ ಮೈಸೂರಿನವರು ನಿವೃತ್ತರ ಮಾಸಾಶನವನ್ನು ‘ವಿಶ್ರಾಂತಿ ವೇತನ’ ಎಂದು ಕರೆಯುತ್ತಿದ್ದರು. ಆ ಹೆಸರಿನಲ್ಲಿ ಒಂದು ಸೌಜನ್ಯವಿದೆ. ಆದರೆ ವಿಶ್ರಾಂತಿ ದೊರೆಯುವುದು ಮನುಷ್ಯನಿಗೆ ಮಾತ್ರ. ಅವನ ಮೈಯೊಳಗಿನ ಕಾಯಿಲೆಗಳಿಗೆ ನಿವೃತ್ತಿಯ ವಯಸ್ಸೆಂಬುದಿಲ್ಲ. ಅವುಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಸೇರುವುದೇ ಆಗ.

ಸಂಬಳ ಬರುತ್ತಿದ್ದಷ್ಟು ಕಾಲ ವೈದ್ಯನ ಬಾಗಿಲು ಒಂದಲ್ಲ ಒಂದು ರೀತಿಯಲ್ಲಿ ತೆರೆದಿರುತ್ತದೆ. ಕಾರ್ಖಾನೆಯ ಕಾರ್ಮಿಕನಿಗೆ ಇ.ಎಸ್.ಐ. ಔಷಧಾಲಯ, ಸರ್ಕಾರಿ ನೌಕರನಿಗೆ ವೆಚ್ಚದ ಮರುಪಾವತಿ, ಖಾಸಗಿ ಸಂಸ್ಥೆಯ ನೌಕರನಿಗೆ ಗುಂಪು ವಿಮೆ ಇರುತ್ತವೆ. ಸಂಬಳ ನಿಂತ ತಿಂಗಳು ಇವುಗಳಲ್ಲಿ ಬಹುಪಾಲು ನಿಂತುಹೋಗುತ್ತವೆ. ಮದ್ದಿನ ಅಗತ್ಯ ಕಡಿಮೆಯಿದ್ದಾಗ ರಕ್ಷಣೆ ಹೆಚ್ಚು; ಅಗತ್ಯ ಹೆಚ್ಚಿದಾಗ ರಕ್ಷಣೆ ಕಡಿಮೆ. ಇದು ಯಾರೋ ಒಬ್ಬರು ಕೇಡು ಬಗೆದು ಮಾಡಿದ ಏರ್ಪಾಡಲ್ಲ. ಎಂಬತ್ತು ವರ್ಷಗಳ ಅವಧಿಯಲ್ಲಿ, ಒಂದೊಂದು ಕಾಲದಲ್ಲಿ ಒಂದೊಂದು ಸದುದ್ದೇಶದಿಂದ ಎಳೆದ ಗೆರೆಗಳು ಕೂಡಿಕೊಂಡು ಇಂದಿನ ಗೋಡೆಯಾಗಿವೆ. ಆ ಗೆರೆಗಳ ಚರಿತ್ರೆಯನ್ನು ಸ್ವಲ್ಪ ನೋಡುವುದು ಒಳ್ಳೆಯದು.

ಗೆರೆಗಳಿಲ್ಲದ ಕಾಲವೂ ಒಂದಿತ್ತು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕೋಡಿಮಠವನ್ನು ವರ್ಣಿಸುವ 1162ರ ಶಾಸನವು ಆ ಮಠವನ್ನು ವಿದ್ಯೆಯ ನೆಲೆಯೆಂದೂ ಅನ್ನದ ನೆಲೆಯೆಂದೂ ಹೊಗಳುವಾಗ, ಅನಾಥರಾದ ರೋಗಿಗಳಿಗೆ ಔಷಧ ದೊರೆಯುವ ಸ್ಥಾನವೆಂದೂ ಹೇಳುತ್ತದೆ. ಬಂದ ರೋಗಿಯ ವಯಸ್ಸೆಷ್ಟು, ಉದ್ಯೋಗವೇನು ಎಂದು ಕೇಳಿದಂತೆ ಶಾಸನದಲ್ಲಿಲ್ಲ. ಆದರೆ ಅದು ದಾನ. ದಾನವು ದಾನಿಯ ಮನಸ್ಸನ್ನೂ ಮಠದ ಉತ್ಪತ್ತಿಯನ್ನೂ ಅವಲಂಬಿಸಿದ್ದು. ಇಂದು ಸಿಕ್ಕಿದ್ದು ನಾಳೆ ಸಿಕ್ಕೀತೆಂಬ ಭರವಸೆ ಅದರಲ್ಲಿಲ್ಲ. ಬಹುಕಾಲದ ಅನಂತರ ಬಂದ ಸರ್ಕಾರಿ ಆಸ್ಪತ್ರೆಗಳು ಆ ಕೆಲಸವನ್ನು ಬೇರೊಂದು ರೀತಿಯಲ್ಲಿ ಕೈಗೆತ್ತಿಕೊಂಡವು. 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯನ್ನು ತೆರೆದಾಗಲೂ ಅದರ ಬಾಗಿಲು ಊರಿನ ಸಾಮಾನ್ಯ ಜನರಿಗಾಗಿತ್ತು.

ವಿಮೆಯ ಕತೆ ಬೇರೆ. ‘ವಿಮೆ’ ಎಂಬ ನಮ್ಮ ಮಾತು ಪಾರಸಿಯ ‘ಬೀಮಾ’ದಿಂದ ಬಂದದ್ದು, ಅಲ್ಲಿ ‘ಬೀಮ್’ ಎಂದರೆ ಭಯ. ಪ್ರತಿಯೊಂದು ಕಾಲವೂ ತಾನು ಯಾವುದಕ್ಕೆ ಹೆಚ್ಚು ಹೆದರುತ್ತದೆಯೋ ಅದಕ್ಕೆ ವಿಮೆ ಮಾಡಿಸುತ್ತದೆ. ಮೈಸೂರು ಸಂಸ್ಥಾನವು 1891ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ತನ್ನ ನೌಕರರಿಗಾಗಿ ಒಂದು ವಿಮಾ ಯೋಜನೆಯನ್ನು ಆರಂಭಿಸಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲ ಅದು. ಇದ್ದುದು ಜೀವವಿಮೆ. ಗುಮಾಸ್ತನು ನಡುವಯಸ್ಸಿನಲ್ಲಿ ತೀರಿಕೊಂಡರೆ ಹೆಂಡತಿ ಮಕ್ಕಳು ಬೀದಿಗೆ ಬಿದ್ದಾರೆಂಬ ಭಯ ಅದರ ಹಿಂದಿತ್ತು. ಭಯ ಅಕಾರಣವಾದದ್ದಲ್ಲ. 1941-51ರ ದಶಕದಲ್ಲಿ ಕೂಡ ಭಾರತೀಯನ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಬೇಗ ಸಾಯುವವನ ಕುಟುಂಬದ ಚಿಂತೆಯೇ ದೊಡ್ಡದಾಗಿದ್ದ ಕಾಲದಲ್ಲಿ, ಬಹುಕಾಲ ಬದುಕಿಬಿಡುವವನ ಚಿಂತೆ ಯಾರಿಗೂ ಹೊಳೆಯಲಿಲ್ಲ. ಇಂದು ಸರಾಸರಿ ಆಯುಷ್ಯ ಸುಮಾರು 70. ಅರವತ್ತು ದಾಟಿದವನು ಇನ್ನೂ ಹದಿನೇಳು-ಹದಿನೆಂಟು ವರ್ಷ ಬದುಕುವುದು ಸಾಮಾನ್ಯ. ಆಯುಷ್ಯವೇನೋ ಇಮ್ಮಡಿಯಾಯಿತು. ಏರ್ಪಾಡುಗಳ ಮನಸ್ಸು ಮಾತ್ರ ಹಳೆಯ ಕಾಲದ್ದೇ ಆಗಿ ಉಳಿಯಿತು.

ಕಾಯಿಲೆಗೆ ವಿಮೆಯೆಂಬ ಕಲ್ಪನೆ ಕಾನೂನಿನ ರೂಪ ತಾಳಿದ್ದು ಜರ್ಮನಿಯಲ್ಲಿ. ಬಿಸ್ಮಾರ್ಕ್ 1883ರಲ್ಲಿ ತಂದ ಕಾನೂನಿನ ಪ್ರಕಾರ ಕಾರ್ಮಿಕನು ಮೂರರಲ್ಲಿ ಎರಡು ಪಾಲು, ಮಾಲೀಕನು ಒಂದು ಪಾಲು ಹಣ ಕಟ್ಟಬೇಕು. ಕಾಯಿಲೆ ಬಿದ್ದರೆ ಆ ನಿಧಿಯಿಂದ ಚಿಕಿತ್ಸೆಯೂ ಭತ್ಯೆಯೂ ಸಿಕ್ಕಬೇಕು. ಇದರೊಂದಿಗೆ ಒಂದು ಸೂತ್ರ ನೆಲೆನಿಂತಿತು: ವೈದ್ಯನ ನೆರವು ಕೂಲಿಯ ಬೆನ್ನಿಗೆ ಬರುತ್ತದೆ. ಕೂಲಿಯಿಂದ ಹಣ ಮುರಿದುಕೊಳ್ಳುವುದು ಸುಲಭ, ಕೂಲಿಯಿಲ್ಲದವನಿಂದ ಮುರಿದುಕೊಳ್ಳುವುದೇನನ್ನು?

ಸ್ವಾತಂತ್ರ್ಯದ ಹೊಸ್ತಿಲಲ್ಲಿ ನಮ್ಮ ದೇಶದ ಮುಂದೆ ಎರಡು ವರದಿಗಳಿದ್ದವು. ಪ್ರೊಫೆಸರ್ ಬಿ. ಪಿ. ಅಡಾರ್ಕರ್ 1944ರಲ್ಲಿ ಸಲ್ಲಿಸಿದ ವರದಿ ಕೈಗಾರಿಕಾ ಕಾರ್ಮಿಕರಿಗೆ ಆರೋಗ್ಯ ವಿಮೆಯನ್ನು ಸೂಚಿಸಿತು. ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಸಮಿತಿ 1946ರಲ್ಲಿ ಕೊಟ್ಟ ವರದಿಯ ದೃಷ್ಟಿ ಇನ್ನೂ ವಿಶಾಲವಾದದ್ದು. ಹಣ ಕೊಡಲಾರದ ಕಾರಣಕ್ಕೆ ಯಾರೊಬ್ಬರೂ ತಕ್ಕ ವೈದ್ಯಕೀಯ ನೆರವಿನಿಂದ ವಂಚಿತರಾಗಬಾರದೆಂಬುದು ಅದರ ಮೂಲತತ್ತ್ವ. ಭೋರ್ ಸಮಿತಿಯ ಕನಸಿಗೆ ಬೇಕಾದ ಹಣ ಆಗ ನಮ್ಮಲ್ಲಿರಲಿಲ್ಲ. ಕೈಗೆಟುಕಿದ್ದು ಅಡಾರ್ಕರರ ದಾರಿ. 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆ ಬಂದಿತು. 1952ರ ಫೆಬ್ರವರಿ 24ರಂದು ನೆಹರೂ ಅವರು ಕಾನಪುರದಲ್ಲಿ ಯೋಜನೆಯನ್ನು ಉದ್ಘಾಟಿಸಿದರು. 1958ರಲ್ಲಿ ಅದು ಬೆಂಗಳೂರಿಗೆ ಬಂದಿತು. ಈ ನಡುವೆ, 1954ರಲ್ಲಿ, ಕೇಂದ್ರ ಸರ್ಕಾರಿ ನೌಕರರಿಗಾಗಿ ದೆಹಲಿಯಲ್ಲಿ ಸಿ.ಜಿ.ಎಚ್.ಎಸ್. ಎಂಬ ಯೋಜನೆ ಆರಂಭವಾಗಿ, 1976ರಲ್ಲಿ ಬೆಂಗಳೂರನ್ನೂ ತಲಪಿತು.

ಈ ಎರಡು ಹಳೆಯ ಯೋಜನೆಗಳನ್ನು ದೂರುವುದು ಸುಲಭ. ಉದ್ದನೆಯ ಸಾಲು, ತೀರಿಹೋದ ಮಾತ್ರೆ, ಗೊಣಗುವ ಸಿಬ್ಬಂದಿ, ಇವೆಲ್ಲ ಇದ್ದದ್ದೇ. ಆದರೆ ಒಂದು ಗುಣವನ್ನು ಮರೆಯಬಾರದು. ಅವುಗಳ ಕೇಂದ್ರದಲ್ಲಿದ್ದುದು ಔಷಧಾಲಯ. ಕೆಮ್ಮಿಗೂ ಜ್ವರಕ್ಕೂ ಮೊದಲು ಹೋಗಬೇಕಾದ ಮನೆ ಅದು. ಹಾಸಿಗೆ ಹಿಡಿದ ಮೇಲೆ ಹೋಗುವ ಆಸ್ಪತ್ರೆ ಅದರ ಮುಂದಿನ ಮೆಟ್ಟಲು. ಮನುಷ್ಯನ ಕಾಯಿಲೆಗಳಲ್ಲಿ ಬಹುಪಾಲು ನಡೆದಾಡುವ ಕಾಯಿಲೆಗಳೆಂಬುದನ್ನು ಅವುಗಳ ಕರ್ತೃಗಳು ಬಲ್ಲವರಾಗಿದ್ದರು.

ಅವರು ಎಳೆದ ಗೆರೆ ಸಂಬಳದ್ದು. ಆರಂಭದಲ್ಲಿ ಇ.ಎಸ್.ಐ.ಗೆ ಸೇರಲು ತಿಂಗಳ ವೇತನ 400 ರೂಪಾಯಿ ಮೀರಬಾರದೆಂದಿತ್ತು. ಆ ಮಿತಿ ಏರುತ್ತ ಬಂದು 2017ರಲ್ಲಿ 21,000 ಆಯಿತು. ಐದು ವರ್ಷವಾದರೂ ವಿಮೆಯಲ್ಲಿದ್ದು ನಿವೃತ್ತನಾದ ಕಾರ್ಮಿಕನಿಗೆ ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ತನಗೂ ಪತ್ನಿಗೂ ಚಿಕಿತ್ಸೆ ಮುಂದುವರಿಯುವ ಅವಕಾಶವನ್ನು ಮುಂದೆ ಕಲ್ಪಿಸಲಾಯಿತು. ತಿಂಗಳಿಗೆ ಹತ್ತು ರೂಪಾಯಿ! ಇಷ್ಟು ಅಗ್ಗದ ರಕ್ಷಣೆ ಬೇರೆಲ್ಲಿಯೂ ಕಾಣದು. ಆದರೆ ಇಪ್ಪತ್ತು ವರ್ಷ ಕಂತು ಕಟ್ಟಿದವನಿಗೆ ಕೊನೆಕೊನೆಯಲ್ಲಿ ಬಡ್ತಿ ದೊರೆತು ವೇತನ ಮಿತಿ ಮೀರಿತೆನ್ನಿ; ಅವನು ಯೋಜನೆಯಿಂದ ಹೊರಬಿದ್ದ. ನಿವೃತ್ತಿಯ ದಿನ ಅವನು ‘ವಿಮೆಯಲ್ಲಿದ್ದವ’ನಲ್ಲ. ಬಡ್ತಿಯೇ ಅವನ ಮುಪ್ಪಿಗೆ ಮುಳುವಾಯಿತು. ಇಂಥವರನ್ನು ಮತ್ತೆ ಒಳಗೆ ಕರೆದುಕೊಳ್ಳುವ ತೀರ್ಮಾನ ಆದದ್ದು 2024ರಲ್ಲಿ. ಅದೂ ಕೆಲವು ಷರತ್ತುಗಳೊಡನೆ.

ಸರ್ಕಾರಿ ನೌಕರರಲ್ಲಿಯೂ ಎಲ್ಲರ ಹಣೆಬರಹ ಒಂದೇ ಅಲ್ಲ. ನಮ್ಮ ರಾಜ್ಯದ ನೌಕರರಿಗೆ ವೆಚ್ಚವನ್ನು ತುಂಬಿಕೊಡುವ 1963ರ ವೈದ್ಯಕೀಯ ಹಾಜರಾತಿ ನಿಯಮಗಳು ರಚಿತವಾದದ್ದು ಸೇವೆಯಲ್ಲಿರುವವನನ್ನೂ ಅವನ ಕುಟುಂಬವನ್ನೂ ಮನಸ್ಸಿನಲ್ಲಿಟ್ಟುಕೊಂಡು. ಮುಂದೆ ಬಂದ ಜ್ಯೋತಿ ಸಂಜೀವಿನಿಯೂ ಸೇವೆಯಲ್ಲಿದ್ದವರಿಗಾಗಿಯೇ ಹುಟ್ಟಿದ್ದು. ಕೇಂದ್ರದ ನಿವೃತ್ತರಿಗೆ ಸಿ.ಜಿ.ಎಚ್.ಎಸ್. ಉಂಟು, ಆದರೆ ಅದು ಕೆಲವು ನಗರಗಳ ಸೌಕರ್ಯ. ಅಂಚೆ ಇಲಾಖೆಯಲ್ಲಿ ದುಡಿದು ತನ್ನ ಹಳ್ಳಿಗೆ ಮರಳಿದವನಿಗೆ ಬೆಂಗಳೂರಿನ ಔಷಧಾಲಯದಿಂದ ಏನು ಪ್ರಯೋಜನ? ಅಂಥವರಿಗಾಗಿ 1997ರಲ್ಲಿ ತಿಂಗಳಿಗೆ 100 ರೂಪಾಯಿಯ ವೈದ್ಯಕೀಯ ಭತ್ಯೆ ಬಂದಿತು. 2017ರಲ್ಲಿ ಅದು 1,000ಕ್ಕೆ ಏರಿತು. ಇನ್ನು ಖಾಸಗಿ ಸಂಸ್ಥೆಗಳಲ್ಲಿ ದುಡಿದು ಭವಿಷ್ಯ ನಿಧಿಯ ಪಿಂಚಣಿ ಪಡೆಯುವವರಿಗೆ 2014ರಲ್ಲಿ ಗೊತ್ತುಪಡಿಸಿದ ಕನಿಷ್ಠ ಪಿಂಚಣಿಯೂ ತಿಂಗಳಿಗೆ 1,000 ರೂಪಾಯಿಯೇ. ಒಬ್ಬನ ಮಾತ್ರೆಯ ಖರ್ಚಿಗೆಂದು ಕೊಟ್ಟ ಹಣ ಇನ್ನೊಬ್ಬನ ಇಡೀ ಪಿಂಚಣಿ. ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕೆ?

ಯಾವ ಯೋಜನೆಗೂ ಸೇರದ ಮಧ್ಯಮ ವರ್ಗದವರಿಗೆ ಮಾರುಕಟ್ಟೆಯ ವಿಮೆ ಬಂದದ್ದು ತಡವಾಗಿ. 1973ರ ಜನವರಿಯಲ್ಲಿ ನೂರೇಳು ಸಾಮಾನ್ಯ ವಿಮಾ ಸಂಸ್ಥೆಗಳನ್ನು ನಾಲ್ಕು ಸರ್ಕಾರಿ ಕಂಪೆನಿಗಳಾಗಿ ಕೂಡಿಸಲಾಯಿತು. ಈ ಕಂಪೆನಿಗಳು 1986ರಲ್ಲಿ ‘ಮೆಡಿಕ್ಲೇಮ್’ ಎಂಬ ಪಾಲಿಸಿಯನ್ನು ತಂದವು. ಗುಮಾಸ್ತ, ಅಧ್ಯಾಪಕ, ಅಂಗಡಿಯವ, ಯಾರು ಬೇಕಾದರೂ ಕೊಳ್ಳಬಹುದಾದ ವಿಮೆ ಎಂಬುದು ಆಗ ಹೊಸ ಮಾತು. ಆದರೆ ಇಲ್ಲಿ ಮೂರು ಹೊಸ ಗೆರೆಗಳು ಮೂಡಿದವು.

ಮೊದಲನೆಯದು ಹಾಸಿಗೆಯ ಗೆರೆ. ಆಸ್ಪತ್ರೆಯಲ್ಲಿ ಮಲಗಿದರೆ ಹಣ. ನಡೆದುಕೊಂಡು ಹೋಗಿ ಮದ್ದು ತಂದರೆ ಇಲ್ಲ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಕೀಲುನೋವು ಮುಪ್ಪಿನ ಕಾಯಿಲೆಗಳು. ಅವು ಹಾಸಿಗೆಯನ್ನು ಕೇಳುವುದಿಲ್ಲ. ದಿನಕ್ಕೆ ಮೂರು ಮಾತ್ರೆಯನ್ನು ಕೇಳುತ್ತವೆ, ಅದೂ ಕೊನೆಯ ದಿನದವರೆಗೆ. ಔಷಧಾಲಯದಿಂದ ಆರಂಭವಾದ ನಮ್ಮ ಚರಿತ್ರೆ ಇಲ್ಲಿ ಹಾಸಿಗೆಯ ಕಡೆಗೆ ಹೊರಳಿಕೊಂಡಿತು. ಇದು ನಮ್ಮ ದೇಶವೊಂದರ ಕತೆಯಲ್ಲ. ಅಮೆರಿಕವು 1965ರಲ್ಲಿ ಅರವತ್ತೈದು ದಾಟಿದವರಿಗೆಂದೇ ‘ಮೆಡಿಕೇರ್’ ಕಾನೂನನ್ನು ಮಾಡಿ, ವಯೋವೃದ್ಧ ಮಾಜಿ ಅಧ್ಯಕ್ಷ ಟ್ರೂಮನ್ ಅವರ ಕೈಗೆ ಮೊದಲ ಚೀಟಿಯನ್ನು ಕೊಟ್ಟಿತು. ಅಲ್ಲಿಯೂ ಆಸ್ಪತ್ರೆಗೂ ವೈದ್ಯರಿಗೂ ಹಣವಿತ್ತು. ಅಂಗಡಿಯಿಂದ ತರುವ ದಿನದಿನದ ಮಾತ್ರೆಗೆ ಸಾಮಾನ್ಯವಾಗಿ ಇರಲಿಲ್ಲ. ಅದು ಸೇರಲು 2006ರವರೆಗೆ, ನಲವತ್ತು ವರ್ಷ, ಕಾಯಬೇಕಾಯಿತು.

ಎರಡನೆಯದು ಹಳೆಯ ಕಾಯಿಲೆಯ ಗೆರೆ. ಪಾಲಿಸಿ ಕೊಳ್ಳುವ ಮೊದಲೇ ಇದ್ದ ರೋಗಕ್ಕೆ ವಿಮೆಯಿಲ್ಲ. ಅಥವಾ ಇಷ್ಟು ವರ್ಷ ಕಾದ ಮೇಲೆ ಉಂಟು. ಅರವತ್ತು ವರ್ಷದ ದೇಹದಲ್ಲಿ ಹಳೆಯ ಕಾಯಿಲೆಯೊಂದೂ ಇಲ್ಲದಿದ್ದರೆ ಅದೇ ಆಶ್ಚರ್ಯ ತಾನೆ?

ಮೂರನೆಯದು ವಯಸ್ಸಿನ ಗೆರೆ. ವಯಸ್ಸು ಏರಿದಂತೆ ಕಂತು ಏರುವುದು ವಿಮೆಯ ಲೆಕ್ಕಾಚಾರಕ್ಕೆ ಸಹಜ. ಆದರೆ ಕಂತು ಏರುವ ಕಾಲವೂ ಆದಾಯ ಇಳಿಯುವ ಕಾಲವೂ ಒಂದೇ ಆಗಿರುವುದರಿಂದ, ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಇಲ್ಲಿ ಸಾಕ್ಷಾತ್ಕಾರವಾಯಿತು. 1999ರ ಕಾನೂನಿನಿಂದ ಖಾಸಗಿ ಕಂಪೆನಿಗಳಿಗೆ ಬಾಗಿಲು ತೆರೆಯಿತು. ನಿಯಂತ್ರಣ ಪ್ರಾಧಿಕಾರವು 2013ರಲ್ಲಿ ಎರಡು ಒಳ್ಳೆಯ ಕೆಲಸ ಮಾಡಿತು: ಒಮ್ಮೆ ಕೊಟ್ಟ ಪಾಲಿಸಿಯನ್ನು ಜೀವಮಾನವಿಡೀ ನವೀಕರಿಸಬೇಕೆಂದಿತು, ಕನಿಷ್ಠಪಕ್ಷ ಅರವತ್ತೈದು ವರ್ಷದವರೆಗಾದರೂ ಹೊಸಬರನ್ನು ಸೇರಿಸಿಕೊಳ್ಳಬೇಕೆಂದಿತು. ಕನಿಷ್ಠವೆಂದು ಹೇಳಿದ್ದು ವ್ಯವಹಾರದಲ್ಲಿ ಎಷ್ಟೋ ಕಡೆ ಗರಿಷ್ಠವಾಯಿತು. ಅರವತ್ತಾರರವನು ಬಾಗಿಲಿನಿಂದಲೇ ಹಿಂದಿರುಗಿದ. 2024ರ ಏಪ್ರಿಲಿನಿಂದ ಆ ಮಿತಿ ಹೋಯಿತು. ಹಳೆಯ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ ನಾಲ್ಕು ವರ್ಷ ಇದ್ದದ್ದು ಮೂರಕ್ಕೆ ಇಳಿಯಿತು. 2025ರ ಜನವರಿಯಲ್ಲಿ, ಹಿರಿಯರ ಕಂತನ್ನು ವರ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಿಸಬೇಕಾದರೆ ಮೊದಲು ಪ್ರಾಧಿಕಾರವನ್ನು ಕೇಳಬೇಕೆಂಬ ಅಪ್ಪಣೆಯಾಯಿತು. ಸೆಪ್ಟೆಂಬರಿನಲ್ಲಿ ವೈಯಕ್ತಿಕ ವಿಮೆಯ ಮೇಲಿನ ಶೇಕಡ 18ರ ತೆರಿಗೆಯೂ ಹೋಯಿತು. ಇವೆಲ್ಲ ಸ್ವಾಗತಾರ್ಹ. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಗೆ ಹೋಗುವ ಹಣ ಕೈಗೆ ಬಂದಂತಾಗುವುದಿಲ್ಲ.

ನನ್ನ ಪರಿಚಯದ ಅಧ್ಯಾಪಕರೊಬ್ಬರು ಮೂವತ್ತು ವರ್ಷ ಪಾಠ ಹೇಳಿ ಖಾಸಗಿ ಕಾಲೇಜೊಂದರಿಂದ ನಿವೃತ್ತರಾದರು. ಸನ್ಮಾನ ಸಮಾರಂಭದ ಹಾರ ಬಾಡುವ ಮೊದಲೇ ಕಾಲೇಜಿನ ಗುಂಪು ವಿಮೆಯಿಂದ ಅವರ ಹೆಸರು ಹೋಗಿತ್ತು. ಗುಂಪು ವಿಮೆಯಿಂದ ವೈಯಕ್ತಿಕ ವಿಮೆಗೆ ವರ್ಗವಾಗಲು ನಿಯಮಗಳಲ್ಲಿ ಅವಕಾಶವುಂಟೆಂದು ಅವರಿಗೆ ಹೇಳಿದವರಿಲ್ಲ. ತಿಳಿಯುವ ವೇಳೆಗೆ ಕಾಲ ಮಿಂಚಿತ್ತು. ಇಂಥ ಮನೆಗಳು ನಮ್ಮ ಬೀದಿಬೀದಿಗಳಲ್ಲಿವೆ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಖಾಸಗಿ ಆಸ್ಪತ್ರೆಯಲ್ಲಿ ಒಮ್ಮೆ ಸೇರಿ ಬರುವ ಸರಾಸರಿ ವೆಚ್ಚ ಸುಮಾರು 31,800 ರೂಪಾಯಿ. ಸರ್ಕಾರಿ ಆಸ್ಪತ್ರೆಯಲ್ಲಿ ಸುಮಾರು 4,450. ಸರಾಸರಿಯೆಂಬುದು ಹೆರಿಗೆಯ ವಯಸ್ಸಿನವರನ್ನೂ ಹೃದ್ರೋಗದ ವಯಸ್ಸಿನವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂಥದು. ಹೃದಯದ ಶಸ್ತ್ರಚಿಕಿತ್ಸೆಯಾದವನ ಲೆಕ್ಕ ಬೇರೆಯೇ ಇರುತ್ತದೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ತೆತ್ತ ಪಾಲು 2013-14ರಲ್ಲಿ ಶೇಕಡ 64 ಇದ್ದದ್ದು 2021-22ರಲ್ಲಿ ಶೇಕಡ 39ಕ್ಕೆ ಇಳಿಯಿತೆಂದು ಸರ್ಕಾರದ ಲೆಕ್ಕ ಹೇಳುತ್ತದೆ. ಇಳಿದದ್ದು ನಿಜವಾಗಿಯೂ ಸಂತೋಷ. ಉಳಿದ ಭಾರ ಮುಖ್ಯವಾಗಿ ಯಾರ ಜೇಬಿನ ಮೇಲೆ ಬಿದ್ದಿದೆಯೆಂಬುದನ್ನು ಔಷಧಿ ಅಂಗಡಿಯ ಮುಂದೆ ಸಂಜೆ ನಿಂತು ನೋಡಿದರೆ ತಿಳಿಯುತ್ತದೆ.

ನ್ಯಾಯಾಲಯಗಳು ಈ ಪ್ರಶ್ನೆಯನ್ನು ನೋಡದೆ ಬಿಟ್ಟಿಲ್ಲ. 1982ರ ಡಿಸೆಂಬರ್ 17ರಂದು ಡಿ. ಎಸ್. ನಕಾರಾ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಪಿಂಚಣಿಯು ಒಡೆಯನ ಔದಾರ್ಯವಲ್ಲ, ಹಿಂದೆ ಮಾಡಿದ ಸೇವೆಗೆ ಸಲ್ಲುವ ಹಕ್ಕು ಎಂದು ತೀರ್ಮಾನಿಸಿತು. ಆ ದಿನವನ್ನು ನಿವೃತ್ತರು ಇಂದಿಗೂ ‘ಪಿಂಚಣಿದಾರರ ದಿನ’ವೆಂದು ಆಚರಿಸುತ್ತಾರೆ. 1995ರಲ್ಲಿ ಕಲ್ನಾರಿನ ಕಾರ್ಖಾನೆಗಳ ಕಾರ್ಮಿಕರ ವಿಷಯ ಬಂದಾಗ ಅದೇ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸೇವೆಯಲ್ಲಿದ್ದಾಗ ಮಾತ್ರವಲ್ಲ, ನಿವೃತ್ತಿಯ ಅನಂತರವೂ ಕಾರ್ಮಿಕನ ಆರೋಗ್ಯ ಮತ್ತು ಚಿಕಿತ್ಸೆ ಅವನ ಮೂಲಭೂತ ಹಕ್ಕೆಂದಿತು. ಕಲ್ನಾರಿನ ಧೂಳು ಶ್ವಾಸಕೋಶವನ್ನು ಕೊಲ್ಲುವುದು ಹಲವು ವರ್ಷಗಳ ಮೇಲೆ. ರೋಗ ಕಾಣಿಸುವ ಹೊತ್ತಿಗೆ ಕಾರ್ಮಿಕ ಕಾರ್ಖಾನೆಯನ್ನು ಬಿಟ್ಟಿರುತ್ತಾನೆ. ಕೆಲಸಕ್ಕೂ ಕಾಯಿಲೆಗೂ ಇರುವ ನಂಟು ಕೆಲಸದ ಕೊನೆಯ ದಿನಕ್ಕೆ ಹರಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. ಆದರೂ 1998ರಲ್ಲಿ ಪಂಜಾಬಿನ ಮೊಕದ್ದಮೆಯೊಂದರಲ್ಲಿ, ಸರ್ಕಾರವು ತನ್ನ ಶಕ್ತಿಗೆ ತಕ್ಕಂತೆ ಮರುಪಾವತಿಗೆ ಮಿತಿ ಹಾಕಬಹುದೆಂದೂ ನ್ಯಾಯಾಲಯ ಒಪ್ಪಿತು. ಹಕ್ಕು ಇದೆ, ಎಷ್ಟೆಂಬುದನ್ನು ಬೊಕ್ಕಸ ಹೇಳಬೇಕು.

ಬೊಕ್ಕಸ ಹೇಳುತ್ತ ಬಂದದ್ದೇನು? ನಮ್ಮ ರಾಜ್ಯದಲ್ಲಿ 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಜಾರಿಗೆ ಬಂದ ಯಶಸ್ವಿನಿ, ವರ್ಷಕ್ಕೆ 60 ರೂಪಾಯಿ ಕಟ್ಟಿದವನಿಗೆ ಶಸ್ತ್ರಚಿಕಿತ್ಸೆಯನ್ನು ಒದಗಿಸಿ ದೇಶದ ಗಮನ ಸೆಳೆಯಿತು. 2018ರ ಸೆಪ್ಟೆಂಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗಿನ ಆಸ್ಪತ್ರೆ ವೆಚ್ಚದ ಭರವಸೆ ಕೊಟ್ಟಿತು. ಅದರೊಡನೆ ಕೂಡಿದ ನಮ್ಮ ಆರೋಗ್ಯ ಕರ್ನಾಟಕದಲ್ಲಿ ಬಡತನದ ರೇಖೆಗಿಂತ ಮೇಲಿನವರಿಗೆ ಗೊತ್ತುಪಡಿಸಿದ ದರದ ನೂರಕ್ಕೆ ಮೂವತ್ತು ಮಾತ್ರ. ಕೊನೆಗೆ 2024ರ ಅಕ್ಟೋಬರ್ 29ರಂದು, ಎಪ್ಪತ್ತು ದಾಟಿದ ಪ್ರಜೆಗೆ ಆದಾಯವನ್ನು ಕೇಳದೆ ಐದು ಲಕ್ಷದ ರಕ್ಷಣೆಯನ್ನು ಕೇಂದ್ರವು ಘೋಷಿಸಿತು. ನಮ್ಮ ಚರಿತ್ರೆಯಲ್ಲಿ ಇದೊಂದು ತಿರುವು. ಸಂಬಳ, ಕಸುಬು, ಬಡತನ ಇವು ಯಾವುದನ್ನೂ ಕೇಳದೆ, ಮುಪ್ಪನ್ನೇ ಅರ್ಹತೆಯೆಂದು ದೇಶಮಟ್ಟದ ಆರೋಗ್ಯ ವಿಮೆಯೊಂದು ಎಣಿಸಿದ್ದು ಇದೇ ಮೊದಲು.

ಹಾಗಾದರೆ ಉಳಿದದ್ದು ಏನು? ಎರಡು ಕಂದರಗಳು. ಒಂದು, ಅರವತ್ತರಿಂದ ಎಪ್ಪತ್ತರವರೆಗಿನ ಹತ್ತು ವರ್ಷ. ಅರವತ್ತಕ್ಕೆ ಮುದುಕನೆಂದು ಕಚೇರಿಯಿಂದ ಕಳುಹಿಸಿದ ನಾಡು ಎಪ್ಪತ್ತರವರೆಗೆ ಅವನನ್ನು ಮುದುಕನೆಂದು ಒಪ್ಪುವುದಿಲ್ಲ. ಇನ್ನೊಂದು, ಮಾತ್ರೆಯ ಖರ್ಚು. ಈ ಹೊಸ ರಕ್ಷಣೆಯೂ ಮುಖ್ಯವಾಗಿ ಹಾಸಿಗೆಯದೇ. ದಿನದ ಮಾತ್ರೆಯನ್ನು ನುಂಗಲು ಹಣವಿಲ್ಲದೆ ಬಿಟ್ಟವನು ಪಾರ್ಶ್ವವಾಯು ಹೊಡೆದು ಆಸ್ಪತ್ರೆ ಸೇರಿದಾಗ ಲಕ್ಷಗಟ್ಟಲೆ ಕೊಡುವುದು, ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ.

ಇಷ್ಟೆಲ್ಲವನ್ನು ಸರ್ಕಾರ ಹೊರುವುದು ಹೇಗೆ, ಮಕ್ಕಳಿಲ್ಲವೆ ಎಂದು ಕೇಳುವವರುಂಟು. ಪ್ರಶ್ನೆ ಅಲ್ಲಗಳೆಯುವಂಥದಲ್ಲ. ಮಕ್ಕಳು ನೋಡಿಕೊಳ್ಳುತ್ತಾರೆ, ಎಷ್ಟೋ ಮನೆಗಳಲ್ಲಿ ತಮ್ಮ ಮಕ್ಕಳ ಶಾಲೆಯ ಶುಲ್ಕವನ್ನು ತಡೆದಿಟ್ಟು ತಂದೆಯ ಚಿಕಿತ್ಸೆ ಮಾಡಿಸಿದ್ದಾರೆ. ಆದರೆ ಒಂದು ಕುಟುಂಬಕ್ಕೆ ಹೊರಲಾರದ ಭಾರವನ್ನು ಹತ್ತಾರು ಸಾವಿರ ಕುಟುಂಬಗಳು ಹಂಚಿಕೊಳ್ಳಲೆಂದೇ ವಿಮೆ ಹುಟ್ಟಿದ್ದಲ್ಲವೆ? ಹಣಕ್ಕೂ ದಾರಿಗಳಿಲ್ಲದಿಲ್ಲ. ಸಿ.ಜಿ.ಎಚ್.ಎಸ್.ನಲ್ಲಿಯೇ ಒಂದು ಮಾದರಿಯಿದೆ: ನಿವೃತ್ತನು ಹತ್ತು ವರ್ಷದ ವಂತಿಗೆಯನ್ನು ಒಮ್ಮೆಗೆ ಕಟ್ಟಿದರೆ ಜೀವಮಾನವಿಡೀ ಚಿಕಿತ್ಸೆಗೆ ಅರ್ಹ. ಸಂಬಳವಿದ್ದಾಗ ಭವಿಷ್ಯ ನಿಧಿಗೆಂದು ತಿಂಗಳು ತಿಂಗಳು ಹಣ ಮುರಿದುಕೊಳ್ಳುವ ನಾವು, ಮುಪ್ಪಿನ ಮದ್ದಿಗೆಂದು ಅದೇ ರೀತಿ ಒಂದು ಪಾಲನ್ನು, ಮಾಲೀಕನ ಪಾಲಿನೊಡನೆ, ತೆಗೆದಿರಿಸಲು ಅಡ್ಡಿಯೇನು? ಬಡ್ತಿಯಾದರೂ ಕೆಲಸ ಬದಲಾದರೂ ಕಡಿದುಹೋಗದಂತೆ ಅದು ಮನುಷ್ಯನ ಹೆಸರಿನಲ್ಲಿರಬೇಕು. ಹುದ್ದೆಯ ಹೆಸರಿನಲ್ಲಿ ಅಲ್ಲ. ಮತ್ತು 1950ರ ದಶಕದವರು ಕಟ್ಟಿದ ಔಷಧಾಲಯವೆಂಬ ಹಳೆಯ ಮೆಟ್ಟಲನ್ನು, ಹತ್ತು ರೂಪಾಯಿಗಲ್ಲದಿದ್ದರೆ ನ್ಯಾಯವಾದ ಬೆಲೆಗೆ, ಅರವತ್ತು ದಾಟಿದ ಎಲ್ಲರಿಗೂ ತೆರೆಯಬೇಕು.

ಅಲ್ಲಿಯವರೆಗೆ ಐವತ್ತರ ಆಸುಪಾಸಿನಲ್ಲಿರುವ ವಾಚಕರು ಒಂದು ಕೆಲಸ ಮಾಡಬಹುದು. ತಮ್ಮ ಸಂಸ್ಥೆಯ ವಿಮೆ ನಿವೃತ್ತಿಯ ಮರುದಿನ ಏನಾಗುತ್ತದೆಂದು ಇಂದೇ ವಿಚಾರಿಸಿ, ಉತ್ತರವನ್ನು ಬರೆವಣಿಗೆಯಲ್ಲಿ ಕೇಳಿ ಪಡೆಯಬಹುದು. ಕೇಳುವವರ ಸಂಖ್ಯೆ ಹೆಚ್ಚಿದಂತೆ ಉತ್ತರಿಸಬೇಕಾದವರಿಗೂ ಪ್ರಶ್ನೆಯೊಂದು ಇದೆಯೆಂದು ತಿಳಿಯುತ್ತದೆ. ಪಿಂಚಣಿ ದಾನವಲ್ಲ, ಹಕ್ಕು ಎಂಬ ತೀರ್ಪು ಬಂದದ್ದೂ ನಿವೃತ್ತರು ಸುಮ್ಮನಿರದೆ ಕೇಳಿದ್ದರಿಂದ.